ಚಿತ್ರಕಥೆಗೊಂದು ತಂತ್ರಾಂಶ ಹುಡುಕುತ್ತಾ...

ಕಳೆದ ತಿಂಗಳು ಬೆಂಗಳೂರಿನಿಂದ ತಂಗಿಯ ಮಗನ ಫೋನು. "ಮಾಮ, ಸ್ಕ್ರಿಪ್ಟ್ ಬರೆಯೋಕೆ ಒಂದು ಸಾಫ್ಟ್‌ವೇರ್ ತಗೋಬೇಕು. ಡಾಲರ್‌ನಲ್ಲಿ ಕಟ್ಟಬೇಕಂತೆ, ನಿಮ್ಮ ಕಾರ್ಡ್ ಕೊಡ್ತೀರಾ?" ಬಿಕಾಂ ಮುಗಿಸಿ ಬ್ಯಾಂಕು ಸೇರಿದಾಗಿನಿಂದ ಸಾಲದ ಅರ್ಜಿ ನೋಡಿಕೊಂಡೇ ಬಂದವನು ನಾನು. ಪೂರ್ವಾಪರ ವಿಚಾರಿಸದೆ ಸಹಿ ಹಾಕುವ ಅಭ್ಯಾಸವಿಲ್ಲ. "ಒಂದು ವಾರ ತಡಿಯೋ" ಅಂದೆ. ಡೊಂಬಿವಲಿಯಿಂದ ಲೋಕಲ್ ಹತ್ತಿದರೆ ಓದಲು ಹೇಗೂ ಸಮಯವಿರುತ್ತದೆ (ಕೂರಲು ಜಾಗ ಸಿಕ್ಕರೆ!).

ಓದುತ್ತಾ ಹೋದಂತೆ ತಿಳಿದದ್ದೇನೆಂದರೆ, ಈ ತಂತ್ರಾಂಶಗಳೆಲ್ಲ ಟೈಪ್‌ರೈಟರಿನ ಮೊಮ್ಮಕ್ಕಳು. ಹಾಲಿವುಡ್‌ನಲ್ಲಿ ಚಿತ್ರಕಥೆ ಇವತ್ತಿಗೂ 12 ಪಾಯಿಂಟಿನ ಕುರಿಯರ್ ಅಕ್ಷರದಲ್ಲೇ ಇರಬೇಕು. ಅದರಲ್ಲಿ ಇಂಗ್ಲಿಷಿನ 'ಐ'ಗೂ 'ಎಂ'ಗೂ ಒಂದೇ ಅಗಲ. ಇಂಚಿಗೆ 10 ಅಕ್ಷರ, 6 ಸಾಲು. ಹೀಗೆ ಬರೆದರೆ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಪುಟ ಎಣಿಸಿಯೇ ಚಿತ್ರದ ಉದ್ದ ಅಂದಾಜು ಮಾಡಬಹುದು. ನಮ್ಮ ಬ್ಯಾಂಕಿನವರ ತಲೆಗೆ ಹಿಡಿಸುವ ಲೆಕ್ಕ.

ತೊಂದರೆ ಬಂದದ್ದು ತಿದ್ದುಪಡಿಯಲ್ಲಿ. ನಡುವೆ ಒಂದು ದೃಶ್ಯ ಸೇರಿಸಿದರೆ ಮುಂದಿನ ಪುಟಗಳನ್ನೆಲ್ಲ ಮತ್ತೆ ಟೈಪ್ ಮಾಡಬೇಕು. 1980ರ ದಶಕದಲ್ಲಿ ಸ್ಟೀಫನ್ ಗ್ರೀನ್‌ಫೀಲ್ಡ್ ಮತ್ತು ಕ್ರಿಸ್ ಹಂಟ್ಲಿ ಮಾಡಿದ 'ಸ್ಕ್ರಿಪ್ಟರ್' ಈ ಪುಟ ಜೋಡಿಸುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಿತು. 1995ರಲ್ಲಿ ಅವರಿಗೆ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿಯೂ ಬಂತು. 1991ರಲ್ಲಿ ಮ್ಯಾಕಿಂಟಾಷ್‌ಗೆ ಬಂದ 'ಫೈನಲ್ ಡ್ರಾಫ್ಟ್' ಆಮೇಲೆ ಹಾಲಿವುಡ್ಡನ್ನೇ ಆಕ್ರಮಿಸಿತು. ಕೆನಡಾದ 'ಸೆಲ್‌ಟೆಕ್ಸ್' ಬಿಟ್ಟಿಯಾಗಿ ಸಿಗುತ್ತಿತ್ತು, ನಂತರ ಅದೂ ಚಂದಾ ಕಟ್ಟುವ ಆನ್‌ಲೈನ್ ಸೇವೆಯಾಯಿತು.

ಅದೇ 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡಕ್ಕೂ ಜಾಗವಿತ್ತು. ಫೈನಲ್ ಡ್ರಾಫ್ಟ್‌ಗೆ ಯೂನಿಕೋಡ್ ಬಂದದ್ದು 2018ರಲ್ಲಿ, 11ನೇ ಆವೃತ್ತಿಗೆ. ಇಪ್ಪತ್ತೇಳು ವರ್ಷ! ಇಲ್ಲಿ ಮುಂಬಯಿಯಲ್ಲಿ ಹಿಂದಿ ಸಂಭಾಷಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ರೂಢಿ ಬೆಳೆದದ್ದರಲ್ಲಿ ಇಂಥ ಅನಾನುಕೂಲಗಳ ಪಾಲೂ ಇದೆ ಎಂದು ನನ್ನ ಗುಮಾನಿ. ನಮ್ಮಲ್ಲಿ ಹಳಬರು ಪುಟವನ್ನು ಎರಡು ಭಾಗ ಮಾಡಿ, ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು ಬರೆಯುತ್ತಿದ್ದರು. ಥೇಟ್ ಜಮಾ-ಖರ್ಚಿನ ಪುಸ್ತಕ.

2012ರಲ್ಲಿ ಜಾನ್ ಆಗಸ್ಟ್, ಸ್ಟೂ ಮಾಶ್‌ವಿಟ್ಜ್ ಮತ್ತಿತರರು 'ಫೌಂಟನ್' ಎಂಬ ಪದ್ಧತಿ ತಂದರು. ಇದು ತಂತ್ರಾಂಶವಲ್ಲ, ಬರೆಯುವ ಕ್ರಮ ಅಷ್ಟೇ. ನೋಟ್‌ಪ್ಯಾಡ್ ಇದ್ದರೂ ಸಾಕು. ಸಾಲು ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಅದು ಪಾತ್ರದ ಹೆಸರು, ಕೆಳಗಿನದು ಮಾತು. ಓದಿ ನಗು ಬಂತು. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ ಸ್ವಾಮಿ? ರಂಗಜ್ಜ ಹೇಗೆ ಬರೆದರೂ ರಂಗಜ್ಜನೇ. ಅದಕ್ಕೂ ಉಪಾಯವಿದೆ: ಹೆಸರಿನ ಹಿಂದೆ ಇಮೇಲ್‌ನ '@' ಹಾಕಿ, ದೃಶ್ಯದ ಶೀರ್ಷಿಕೆಯ ಹಿಂದೆ ಒಂದು ಚುಕ್ಕಿ ಇಡಿ. ಆದರೆ ಪುಟಕ್ಕೊಂದು ನಿಮಿಷದ ಲೆಕ್ಕ ಮಾತ್ರ ನಮಗೆ ಕೂಡುವುದಿಲ್ಲ. ನಮ್ಮ ಅಕ್ಷರಗಳ ಅಗಲ ಬೇರೆ ಬೇರೆ, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು.

ಇಷ್ಟೆಲ್ಲ ಕೆದಕಿದ್ದಕ್ಕೆ ಬೇರೆ ಕಾರಣವೂ ಇದೆ. 2004ರಲ್ಲಿ ನಾನೂ ನನ್ನ ನಾಟಕದ ಗೆಳೆಯನೂ ಸೇರಿ ಒಂದು ಚಿತ್ರಕಥೆ ಬರೆದಿದ್ದೆವು. ಅವನು ಹೇಳುವುದು, ನಾನು ಟೈಪ್ ಮಾಡುವುದು, ಯಾವುದೋ ಆ ಕಾಲದ ಕನ್ನಡ ಫಾಂಟಿನಲ್ಲಿ. 2012ರಲ್ಲಿ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ರೋಮನ್ ಅಕ್ಷರಗಳ ಕಲಸುಮೇಲೋಗರ! ಆ ಫಾಂಟೂ ಸಿಗಲಿಲ್ಲ, ಪರಿವರ್ತಕವೂ ಸಿಗಲಿಲ್ಲ. "ಇರಲಿ ಬಿಡೋ, ಮತ್ತೆ ಹೇಳ್ತೀನಿ, ನೀನು ಬರ್ಕೋ" ಅಂದಿದ್ದ. ನಾನು ವರ್ಗಾವಣೆಯ ಗಡಿಬಿಡಿಯಲ್ಲಿದ್ದೆ. ಮುಂದಿನ ವರ್ಷ ಅವನು ಹೋಗಿಬಿಟ್ಟ. ಬ್ಯಾಂಕಿನಲ್ಲಿ ದಾಖಲೆ ಹೇಗಿಡಬೇಕೆಂದು ಹುಡುಗರಿಗೆ ಪಾಠ ಹೇಳುವವನು ನಾನು!

ಅಳಿಯನಿಗೆ ಫೋನ್ ಮಾಡಿದೆ. "ಡಾಲರ್ ಆಮೇಲೆ ನೋಡೋಣ. ಬೆಂಗಳೂರಿನವರೇ ಮಾಡಿದ 'ಸ್ಕ್ರೈಟ್' ಅಂತ ಒಂದಿದೆ, ಅದರಲ್ಲಿ ಕನ್ನಡ ಬರೆಯಬಹುದು, ಮೊದಲು ಅದನ್ನು ನೋಡು. ಯಾವುದರಲ್ಲೇ ಬರಿ, ಯೂನಿಕೋಡ್‌ನಲ್ಲಿ ಬರಿ. ಪ್ರತಿ ಕರಡಿಗೂ ಸಾದಾ ಟೆಕ್ಸ್ಟ್ ಫೈಲಿನ ಒಂದು ನಕಲು ನನಗೆ ಕಳಿಸು."

"ನಿಮಗ್ಯಾಕೆ ಮಾಮ?" ಅಂದ.

"ಲೆಡ್ಜರಿಗೆ" ಅಂದೆ.

ಹೋದ ಭಾನುವಾರ ಗೆಳೆಯನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಅಟ್ಟದಿಂದ ಒಂದು ನೋಟ್‌ಬುಕ್ ಇಳಿಸಿಕೊಟ್ಟರು. ಮೊದಲ ಹನ್ನೊಂದು ದೃಶ್ಯಗಳ ಟಿಪ್ಪಣಿ ಅವನ ಕೈಬರಹದಲ್ಲಿದೆ, ನಡುವೆ ಗೆರೆ ಎಳೆದು, ಎಡಕ್ಕೊಂದು ಬಲಕ್ಕೊಂದು. ರಾತ್ರಿ ಊಟವಾದ ಮೇಲೆ ಕೂತು ರಂಗಜ್ಜನ ಹಿಂದೆ '@' ಹಾಕಿ ಶುರು ಮಾಡಿದ್ದೇನೆ. ಮೂರನೇ ದೃಶ್ಯದಲ್ಲಿದ್ದೇನೆ ಈಗ.