ಒತ್ತಡದ ಅಧ್ಯಯನ: ಅಳೆಯದೆ ಉಳಿದಿದ್ದ ಅರ್ಧ ಭಾಗ

ದಿನನಿತ್ಯದ ಒತ್ತಡಕ್ಕೆ ಗಂಡು ಮತ್ತು ಹೆಣ್ಣಿನ ದೇಹ ಒಂದೇ ರೀತಿ ಪ್ರತಿಕ್ರಿಯಿಸುತ್ತದೆಯೆ? ಸರಳವೆನಿಸುವ ಈ ಪ್ರಶ್ನೆಗೆ ಬಹುಕಾಲ ಪ್ರಯೋಗಾಲಯದಲ್ಲಿ ಹೆಚ್ಚಿನ ಗಮನ ಸಿಗಲಿಲ್ಲ.

ಭಯ, ಕೋಪಗಳು ಉಂಟಾದಾಗ ಅಡ್ರಿನಲ್ ಗ್ರಂಥಿಯು ಅಡ್ರಿನಲಿನ್ ಸ್ರವಿಸಿ, ದೇಹವನ್ನು 'ಹೋರಾಡು ಇಲ್ಲವೆ ಓಡು' ಎಂಬ ಸ್ಥಿತಿಗೆ ಅಣಿಗೊಳಿಸುತ್ತದೆ. ಇದನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. 1936ರಲ್ಲಿ ಮಾಂಟ್ರಿಯಲ್‌ನ ಹ್ಯಾನ್ಸ್ ಸೆಲ್ಯೆ, ಹಾನಿ ಯಾವುದೇ ಬಗೆಯದಾಗಿರಲಿ, ಇಲಿಗಳ ಅಡ್ರಿನಲ್ ಗ್ರಂಥಿ ಹಿಗ್ಗುವುದನ್ನೂ ಥೈಮಸ್ ಕುಗ್ಗುವುದನ್ನೂ ಜಠರದಲ್ಲಿ ಹುಣ್ಣಾಗುವುದನ್ನೂ ವರದಿ ಮಾಡಿದರು.

ಮುಂದೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಭಾಗವಹಿಸಿದವರು ಬಹುಪಾಲು ಪುರುಷರೇ. ಋತುಚಕ್ರದೊಂದಿಗೆ ಹಾರ್ಮೋನುಗಳು ಏರಿಳಿಯುವುದರಿಂದ ಮಹಿಳೆಯರ ಫಲಿತಾಂಶಗಳನ್ನು ಅರ್ಥೈಸುವುದು ಕಷ್ಟವೆಂಬುದು ಇದಕ್ಕೆ ಕೊಡುತ್ತಿದ್ದ ಕಾರಣ. 1995ಕ್ಕೆ ಮೊದಲು ಒತ್ತಡಕ್ಕೆ ದೇಹ ತೋರುವ ಪ್ರತಿಕ್ರಿಯೆಯನ್ನು ಅಳೆದ ಪ್ರಯೋಗಗಳಲ್ಲಿ ಮಹಿಳೆಯರ ಪಾಲು ಸುಮಾರು ಶೇ. 17 ಮಾತ್ರ!

ಈ ಕೊರತೆಯನ್ನು ತುಂಬಲು ಮುಂದಾದವರಲ್ಲಿ ಸ್ಟಾಕ್‌ಹೋಮ್‌ನ ಮನೋವಿಜ್ಞಾನಿ ಮರಿಯಾನ್ ಫ್ರಾಂಕೆನ್‌ಹಾಯ್ಸರ್ ಪ್ರಮುಖರು. 1970ರ ದಶಕದಲ್ಲಿ ಅವರು ಮೂತ್ರದಲ್ಲಿನ ಹಾರ್ಮೋನುಗಳನ್ನು ಅಳೆದಾಗ, ಪರೀಕ್ಷೆಯಂಥ ಸಂದರ್ಭಗಳಲ್ಲಿ ಮಹಿಳೆಯರ ಅಡ್ರಿನಲಿನ್ ಪುರುಷರಷ್ಟು ಏರಲಿಲ್ಲ. ಹಾಗಾದರೆ ಮಹಿಳೆಯರಿಗೆ ಒತ್ತಡ ಕಡಿಮೆಯೆ? ಅವರು ಅಷ್ಟಕ್ಕೇ ನಿಲ್ಲಲಿಲ್ಲ. ವೋಲ್ವೋ ಕಂಪನಿಯ ಉದ್ಯೋಗಿಗಳಲ್ಲಿ ಕೆಲಸದ ವೇಳೆಯ ಜೊತೆಗೆ ಸಂಜೆ ಮನೆಯಲ್ಲೂ ಅಳತೆ ಮಾಡಿದರು. 1989ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಕೆಲಸ ಮುಗಿದ ಮೇಲೆ ಪುರುಷ ವ್ಯವಸ್ಥಾಪಕರ ನಾರ್‌ಅಡ್ರಿನಲಿನ್ ಇಳಿಯಿತು; ಮಹಿಳಾ ವ್ಯವಸ್ಥಾಪಕರದು ಏರಿತು. ಮನೆಯಲ್ಲಿ ಅವರಿಗಾಗಿ ಇನ್ನೊಂದು ಪಾಳಿಯ ಕೆಲಸ ಕಾದಿತ್ತು. ವ್ಯತ್ಯಾಸದ ಮೂಲ ದೇಹದಲ್ಲಿ ಮಾತ್ರವಲ್ಲ, ದುಡಿಮೆಯ ಹಂಚಿಕೆಯಲ್ಲೂ ಇದೆ ಎಂಬುದನ್ನು ಇದು ಸೂಚಿಸಿತು.

ಜೈವಿಕ ವ್ಯತ್ಯಾಸವೂ ಇಲ್ಲದಿಲ್ಲ. ಜರ್ಮನಿಯ ಟ್ರಿಯರ್ ಸಂಶೋಧಕರು ಸಭೆಯೆದುರು ಮಾತನಾಡುವ ಪರೀಕ್ಷೆಯೊಡ್ಡಿ ಜೊಲ್ಲಿನಲ್ಲಿನ ಕಾರ್ಟಿಸಾಲ್ ಅಳೆದರು. 1999ರ ವರದಿಯಂತೆ ಋತುಚಕ್ರದ ಉತ್ತರಾರ್ಧದಲ್ಲಿದ್ದ ಮಹಿಳೆಯರ ಪ್ರತಿಕ್ರಿಯೆ ಪುರುಷರದನ್ನೇ ಹೋಲುತ್ತಿತ್ತು. ಪೂರ್ವಾರ್ಧದಲ್ಲಿದ್ದವರಲ್ಲಿ ಮತ್ತು ಗರ್ಭನಿರೋಧಕ ಗುಳಿಗೆ ಸೇವಿಸುತ್ತಿದ್ದವರಲ್ಲಿ ಕಡಿಮೆ ಇತ್ತು. ಎಲ್ಲ ಮಹಿಳೆಯರನ್ನೂ ಒಂದೇ ಗುಂಪಿಗೆ ಸೇರಿಸಿ ಸರಾಸರಿ ತೆಗೆದಿದ್ದರೆ ಈ ಸಂಗತಿ ಮರೆಯಾಗುತ್ತಿತ್ತು.

2000ದಲ್ಲಿ ಕ್ಯಾಲಿಫೋರ್ನಿಯಾದ ಶೆಲ್ಲಿ ಟೇಲರ್ ಮತ್ತು ಸಹೋದ್ಯೋಗಿಗಳು, ಒತ್ತಡದಲ್ಲಿ ಮಕ್ಕಳನ್ನು ಪೋಷಿಸುವುದು, ಇತರರೊಡನೆ ಸ್ನೇಹ ಬೆಸೆಯುವುದೂ ಒಂದು ಪ್ರತಿಕ್ರಿಯೆ, ಇದು ಹೆಣ್ಣಿನಲ್ಲಿ ಹೆಚ್ಚು ಎಂಬ ಸಿದ್ಧಾಂತ ಮಂಡಿಸಿದರು. ಇದು ಸರಾಸರಿಯ ಮಾತೇ ಹೊರತು ಪ್ರತಿಯೊಬ್ಬರಿಗೂ ಅನ್ವಯಿಸುವ ನಿಯಮವಲ್ಲ.

'ಮನುಷ್ಯನ ದೇಹ ಹೀಗೆ ವರ್ತಿಸುತ್ತದೆ' ಎಂಬ ವಾಕ್ಯ ಪಠ್ಯದಲ್ಲಿ ಬಂದಾಗ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳು ಮೂರು: ಯಾರನ್ನು ಅಳೆದರು? ಎಲ್ಲಿ? ಯಾವ ಹೊತ್ತಿನಲ್ಲಿ?