ವೇಷವೂ ಅರ್ಥವೂ: ಹಿಪ್‌ಹಾಪ್ ವಾಣಿಜ್ಯವನ್ನು ಕುರಿತು ಕರಾವಳಿಯಿಂದೊಂದು ವಿಚಾರ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದು, ಘಟ್ಟವಿಳಿದು, ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗುತ್ತಿದ್ದ ಅರಳೆಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ಬೆಳೆದವನ ಊರನ್ನು ಬಿಟ್ಟು, ಹಡಗನ್ನೇರಿಸಿದ ಊರನ್ನು ವಾಣಿಜ್ಯವು ಎತ್ತಿಕೊಂಡಿತು. ಹುಟ್ಟನ್ನು ಹಿಂದಿಕ್ಕಿ ಹೆಸರನ್ನು ಮಾರುವ ಈ ವಿದ್ಯೆಯು ಹಿಪ್‌ಹಾಪ್‌ನ ಚರಿತ್ರೆಯನ್ನು ಪರಿಶೀಲಿಸುವಾಗ ನನಗೆ ಮತ್ತೆ ಮತ್ತೆ ನೆನಪಿಗೆ ಬರುವುದು.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ವಠಾರವೊಂದರಲ್ಲಿ ಕೂಲ್ ಹರ್ಕ್ ಎಂಬ ಜಮೈಕಾ ಮೂಲದ ತರುಣನು ಧ್ವನಿಮುದ್ರಿಕೆಗಳನ್ನು ನುಡಿಸಿದ ಕೂಟದಿಂದ ಈ ಕಲೆಯ ಕಾಲಗಣನೆ ಆರಂಭವಾಗುತ್ತದೆಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಕೂಟವನ್ನು ಏರ್ಪಡಿಸಿದ ಅವನ ತಂಗಿಗೆ ಬೇಕಾಗಿದ್ದುದು ಶಾಲೆಗೆ ಹೊಸ ಬಟ್ಟೆ ಕೊಳ್ಳುವಷ್ಟು ಹಣ. ಆದುದರಿಂದ ಕಲೆಯು ಮೊದಲು ನಿರ್ಮಲವಾಗಿತ್ತು, ಅನಂತರ ವ್ಯಾಪಾರವು ಅದನ್ನು ಕೆಡಿಸಿತು ಎಂಬ ವಿಲಾಪಕ್ಕೆ ಹೆಚ್ಚಿನ ಆಧಾರವಿಲ್ಲ.

ಕೆಟ್ಟದ್ದು ಬೇರೊಂದು. ಸೆರೆಮನೆಯಲ್ಲಿ ಬೂಟಿನ ಲೇಸನ್ನು ಕಸಿದುಕೊಳ್ಳುವ ಪದ್ಧತಿಯುಂಟಷ್ಟೆ. ಲೇಸಿಲ್ಲದೆ ಬೂಟು ತೊಡುವ ಹುಡುಗರೆಲ್ಲರೂ ಪಾತಕಿಗಳೆಂಬ ಹಳಿವಿಗೆ ಪ್ರತ್ಯುತ್ತರವಾಗಿ ರನ್-ಡಿಎಂಸಿ ತಂಡವು 1986ರಲ್ಲಿ ತನ್ನ ಅಡಿಡಾಸ್ ಪಾದರಕ್ಷೆಯನ್ನು ಹಾಡಿ ಹೊಗಳಿತು. ಸಭೆಯಲ್ಲಿ ಸಾವಿರಾರು ಜನ ಬೂಟನ್ನು ಕೈಯಲ್ಲೆತ್ತಿ ಹಿಡಿದುದನ್ನು ಕಂಡ ಮೇಲೆ ಕಂಪನಿಯು ತಂಡದೊಡನೆ ಲಕ್ಷಾಂತರ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಬೂಟು ಜಗತ್ತನ್ನೆಲ್ಲ ಸುತ್ತಿತು. ಸೆರೆಮನೆಯ ಮಾತು ಅದರ ಬೆನ್ನುಹತ್ತಿ ಬರಲಿಲ್ಲ.

ಇದನ್ನು ವಿವರಿಸಲು ಬೇಕಾದ ಪರಿಭಾಷೆ ಹೊನ್ನಾವರದ ಕಡೆಯವರಿಗೆ ಹೊಸತಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳವನ್ನು ಕಟ್ಟಿದ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕ, ಭಸ್ಮಾಸುರಾದಿ ಪಾತ್ರಗಳಿಂದ ಜನಮನವನ್ನು ಗೆದ್ದ ಈ ನೆಲದಲ್ಲಿ, ಭಾಗವತರ ಪದ ಮುಗಿದೊಡನೆ ವೇಷಧಾರಿಯು ಆಶುವಾಗಿ ಆಡುವ ಮಾತಿಗೆ ‘ಅರ್ಥ’ವೆಂದೇ ಹೆಸರು. ವೇಷವಿಲ್ಲದ ಅರ್ಥ ತಾಳಮದ್ದಳೆಯಾಗಿ ಬಾಳುವುದು. ಅರ್ಥವಿಲ್ಲದ ವೇಷವನ್ನು ಇಲ್ಲಿಯ ರಸಿಕನು ಎದುರಿಗೇ ಹಳಿದಾನು. ಮಾರುಕಟ್ಟೆಯು ಹಿಪ್‌ಹಾಪ್‌ನಿಂದ ಕೊಂಡುದು ವೇಷವನ್ನು.

ಕೊಲ್ಲಿ ರಾಷ್ಟ್ರಗಳಿಗೆ ಹೋಗಿಬರುವ ನವಾಯತ ಕುಟುಂಬಗಳುಳ್ಳ, ವಿದೇಶೀ ಸರಕಿಗೆ ಹೆಸರಾದ ಭಟ್ಕಳದ ಪೇಟೆಯಲ್ಲಿ ಸಡಿಲಂಗಿ, ಟೊಪ್ಪಿಗೆ, ದಪ್ಪ ಬೂಟುಗಳನ್ನು ಕೊಳ್ಳುವ ತರುಣನು ಬ್ರಾಂಕ್ಸ್‌ನ ಹೆಸರನ್ನು ಕೇಳಿರಬೇಕಾದ ಅಗತ್ಯವೇ ಇಲ್ಲ. ಅದು ಅವನ ದೋಷವೂ ಅಲ್ಲ.

ಇದಕ್ಕೆ ಭಿನ್ನವಾದ ನಿದರ್ಶನವೊಂದು ನಮ್ಮ ಜಿಲ್ಲೆಯಲ್ಲೇ ದೊರೆಯುತ್ತದೆ. ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿಗಳ ಹಾಡನ್ನು, 2021ರಲ್ಲಿ ತೆರೆಗೆ ಬಂದ ‘ಸಲಗ’ ಚಿತ್ರದ ಪ್ರಚಾರಕ್ಕಾಗಿ ಸಂಗೀತ ನಿರ್ದೇಶಕ ಚರಣ್ ರಾಜ್ ಅಳವಡಿಸಿಕೊಂಡರು. ಅದನ್ನು ಹಿಪ್‌ಹಾಪ್ ಎಂದು ಕರೆಯುವುದು ಅತಿವ್ಯಾಪ್ತಿಯಾದೀತು. ಮಾರಾಟದ ಮಾರ್ಗವಾದರೋ ಅದೇ, ತಾಳ ಮೊದಲು, ಸರಕು ಆಮೇಲೆ. ಆದರೂ ಅನ್ಯರಿಂದ ಅನುಕರಣ ಮಾಡಿಸದೆ ಸಿದ್ದಿಗಳಿಂದಲೇ ಹಾಡಿಸಿದುದರಿಂದ, ಈ ಸಲ ಹತ್ತಿಯ ಗಾಡಿಯ ಮೇಲೆ ಕುಳಿತು ಬೆಳೆದವನೂ ಬಂದರಿಗೆ ಇಳಿದು ಬಂದಂತಾಯಿತು. ಬೆಲೆ ಕಟ್ಟಿದವರು ಮಾತ್ರ ಬಂದರಿನವರೇ.