ಹೆಗ್ಗಣಗಳ ವರ್ಗೀಕರಣ

ಹೆಗ್ಗಣವು ದಂಶಕಗಳ ಗಣದ ಮ್ಯೂರಿಡೇ ಕುಟುಂಬಕ್ಕೆ ಸೇರಿದ ಸಸ್ತನಿ. ಇದರ ಜಾತಿಯ ಹೆಸರು ಬ್ಯಾಂಡಿಕೋಟ. ಹಂದಿ-ಇಲಿ ಎಂಬರ್ಥದ ತೆಲುಗಿನ ‘ಪಂದಿಕೊಕ್ಕು’ ಈ ಹೆಸರಿನ ಮೂಲ. ಈ ಜಾತಿಯಲ್ಲಿ ಇಂಡಿಕ, ಬೆಂಗಾಲೆನ್ಸಿಸ್, ಸಾವಿಲೈ ಎಂಬ ಮೂರು ಪ್ರಭೇದಗಳಿವೆ. ಮೊದಲಿನ ಎರಡು ಕರ್ನಾಟಕದಲ್ಲಿವೆ. ಮೂರನೆಯದು ಆಗ್ನೇಯ ಏಷ್ಯಾಕ್ಕೆ ಸೇರಿದುದು.

ಬೆಂಗಾಲೆನ್ಸಿಸ್‌ನ ವರ್ಗೀಕರಣದಲ್ಲಿ ಕನ್ನಡಕ್ಕೂ ಪಾಲಿದೆ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಸಂಗ್ರಹಿಸಿದ ಪ್ರಾಣಿಗಳನ್ನು ಆಧರಿಸಿ, ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ‘ಕೋಕ್’ ಎಂಬ ಪ್ರಭೇದವನ್ನು ಹೆಸರಿಸಿದನು. ಅದು ಕನ್ನಡಿಗರ ಬಾಯಲ್ಲಿದ್ದ ಹೆಸರೆಂದು ಎಲಿಯಟ್ ದಾಖಲಿಸಿದ್ದಾನೆ. ಎರಡೂ ಒಂದೇ ಪ್ರಾಣಿಯೆಂದು ಮುಂದೆ ನಿರ್ಣಯವಾಯಿತು. ಬೆಂಗಾಲೆನ್ಸಿಸ್ ಎಂಬುದು ಮೊದಲೇ ಪ್ರಕಟವಾಗಿದ್ದುದರಿಂದ, ಆದ್ಯತಾ ನಿಯಮದಂತೆ ಅದೇ ಉಳಿದು, ‘ಕೋಕ್’ ಪರ್ಯಾಯನಾಮವಾಯಿತು.

ಈ ವಿಂಗಡಣೆ ಕೇವಲ ಪುಸ್ತಕದ ವಿಚಾರವಲ್ಲ. ಹಾಸನ ತಾಲೂಕಿನ ಕಟ್ಟಾಯದಂತಹ ಬೇಸಾಯದ ಹೋಬಳಿಯಲ್ಲಿ ಎರಡಕ್ಕೂ ಹೆಗ್ಗಣವೆಂಬ ಒಂದೇ ಹೆಸರು ಸಲ್ಲುತ್ತದೆ. ಆದರೆ ಇಂಡಿಕ ಗಾತ್ರದಲ್ಲಿ ಬಹಳ ದೊಡ್ಡದು; ಅರ್ಧ ಕಿಲೋಗ್ರಾಂಗೂ ಮಿಕ್ಕಿ ತೂಗುತ್ತದೆ. ಚಿಕ್ಕದಾದ ಬೆಂಗಾಲೆನ್ಸಿಸ್ ತೆನೆಗಳನ್ನು ಕತ್ತರಿಸಿ ಬಿಲದ ಕೋಣೆಗಳಲ್ಲಿ ಕೂಡಿಡುತ್ತದೆ, ಬಿಲದ ಬಾಯನ್ನು ಮಣ್ಣಿನಿಂದ ಮುಚ್ಚುತ್ತದೆ. ಹೊಸ ಮಣ್ಣಿನ ಗುಪ್ಪೆಯನ್ನು ಗುರುತಿಸಬಲ್ಲ ರೈತನು, ತೆನೆ ಕಳೆಯುವ ಮುನ್ನವೇ ಕಳ್ಳನನ್ನು ಪತ್ತೆಹಚ್ಚಬಲ್ಲನು.